ಓದುಗರ ಪ್ರಶ್ನೆ: ಅಜ್ಜ ಕ್ಯಾಂಪಿನಲ್ಲಿದ್ದರು, ಜೈಲಿನ ದಾಖಲೆ ಸಿಗುತ್ತಿಲ್ಲ

ಪ್ರಶ್ನೆ: ನಮ್ಮ ಅಜ್ಜ ಹೈದರಾಬಾದ್ ವಿಮೋಚನೆಯ ಹೋರಾಟದಲ್ಲಿದ್ದರು. ಅವರ ಬದುಕಿನ ಬಗ್ಗೆ ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಮನೆಯ ಹಳೆಯ ಕಾಗದವೊಂದರಲ್ಲಿ ‘ತೀರ್ 1357’ ಎಂದಿದೆ. ಹಿರಿಯರು ಅವರು ಮುಂಡರಗಿ ಕ್ಯಾಂಪಿನಲ್ಲಿದ್ದರು ಎನ್ನುತ್ತಾರೆ. ಆದರೆ ಜೈಲಿನ ದಾಖಲೆ ಸಿಗುತ್ತಿಲ್ಲ. ಎಲ್ಲಿ ಹುಡುಕಲಿ?
— ಯಲಬುರ್ಗಾ ತಾಲ್ಲೂಕಿನ ಓದುಗರು

ಉತ್ತರ: ಮೊದಲು ತಾರೀಖು ಸರಿಮಾಡಿಕೊಳ್ಳಿ. 1357 ಎಂಬುದು ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ನಿಜಾಮರ ಸಂಸ್ಥಾನದಲ್ಲಿ ಅದು ಅಕ್ಟೋಬರ್ 6ರ ಹೊತ್ತಿಗೆ, ಆಜುರ್ ತಿಂಗಳಿಂದ ಶುರುವಾಗುತ್ತಿತ್ತು. ಇಸವಿ ತಿಳಿಯಲು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಗದವಾದರೆ 590 ಕೂಡಿಸಬೇಕು, ಜನವರಿಯಿಂದ ಮುಂದಿನದಾದರೆ 591. ತೀರ್ ಎಂಟನೆಯ ತಿಂಗಳು, ಹೆಚ್ಚುಕಡಿಮೆ ಮೇ. ಹಾಗಾಗಿ ನಿಮ್ಮ ಕಾಗದ 1948ರ ಬೇಸಿಗೆಯದು. ಎಲ್ಲಕ್ಕೂ 590 ಕೂಡಿಸುವ ಅಭ್ಯಾಸದಿಂದ ಅದು 1947ರ ಮೇ ಆಗಿಬಿಡುತ್ತದೆ. ಆಗ ಹೋರಾಟಗಾರರ ಗಡಿ ಕ್ಯಾಂಪುಗಳೇ ಇರಲಿಲ್ಲ. ಹೊಸಪೇಟೆ ಕಡೆಯ ಕಾಗದ ಸಿಕ್ಕರೆ ಇನ್ನೊಂದು ಎಚ್ಚರ ಬೇಕು. ಅದು ಮದ್ರಾಸ್ ಪ್ರಾಂತ್ಯ, ಅಲ್ಲಿಯ ಫಸಲಿ ಜುಲೈ 1ಕ್ಕೆ ಶುರು.

ಇನ್ನು ಜೈಲು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್ 7ರಂದು ಭಾರತ ಒಕ್ಕೂಟಕ್ಕೆ ಸೇರಬೇಕೆಂಬ ಸತ್ಯಾಗ್ರಹ ಆರಂಭಿಸಿತು. ಬಂಧನಗಳು ಹೆಚ್ಚಿದಂತೆ ಅನೇಕರು ಗಡಿ ದಾಟಿ ಆಗಿನ ಬೊಂಬಾಯಿ ಪ್ರಾಂತ್ಯದ ಊರುಗಳಲ್ಲಿ ಕ್ಯಾಂಪು ಹೂಡಿದರು. ಮುಂಡರಗಿಯ ಕ್ಯಾಂಪನ್ನು ಅಳವಂಡಿ ಶಿವಮೂರ್ತಿ ಸ್ವಾಮಿಗಳು ನಡೆಸಿದರು. ಅಲ್ಲಿಂದ ಬಂದು ಕರೋಡಗಿರಿ ನಾಕೆ (ಸುಂಕದ ಕಟ್ಟೆ), ಪೊಲೀಸ್ ಠಾಣೆಗಳ ಮೇಲೆ ಬಿದ್ದು ಮರಳಿ ಹೋಗುತ್ತಿದ್ದರು. ಸಿಕ್ಕಿಬೀಳದವರಿಗೆ ಜೈಲಿನ ಕಾಗದ ಎಲ್ಲಿಂದ ಬರಬೇಕು? ಅದಿಲ್ಲವೆಂದು ಅಜ್ಜನವರ ಹೋರಾಟ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಪುಸ್ತಕದಲ್ಲಿ ಇದನ್ನು ಧೈರ್ಯವಾಗಿ ಬರೆಯಿರಿ.

ಹುಡುಕಬೇಕಾದದ್ದು ಪಿಂಚಣಿ ಕಡತ. ಅಜ್ಜನವರೋ ಅಜ್ಜಿಯೋ ಅರ್ಜಿ ಹಾಕಿದ್ದರೆ ಕ್ಯಾಂಪಿನ ಮುಖಂಡರ ಪ್ರಮಾಣಪತ್ರದ ನಕಲು ಅದರಲ್ಲಿ ಇರಬಹುದು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಹೆಸರು, ತಂದೆಯ ಹೆಸರು, ಆಗಿನ ತಾಲ್ಲೂಕು ಬರೆದುಕೊಟ್ಟು ಕೇಳಿ. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿತ್ತು, ಆದ್ದರಿಂದ ರಾಯಚೂರಿನಲ್ಲೂ ವಿಚಾರಿಸಿ. ಕೇಂದ್ರದ ಪಿಂಚಣಿಗೆ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸವೋ ಅಷ್ಟೇ ಕಾಲದ ಭೂಗತ ಬದುಕೋ ಬೇಕಿತ್ತು. ನಾಲ್ಕು ತಿಂಗಳು ದುಡಿದು ಮನೆಗೆ ಮರಳಿದವರ ಹೆಸರು ಪಟ್ಟಿಯಲ್ಲಿ ಇಲ್ಲದಿರಲು ಇದೂ ಒಂದು ಕಾರಣ.

ಹಿರಿಯರನ್ನು ಮಾತಾಡಿಸುವಾಗ ಇಸವಿ ಕೇಳಬೇಡಿ. ‘ರಜಾಕಾರರ (ನಿಜಾಮರ ಪರವಿದ್ದ ಖಾಸಗಿ ಪಡೆಯ) ಹಾವಳಿ ವರ್ಷ’ ಎಂದಷ್ಟೇ ಹೇಳುತ್ತಾರೆ, ಅದು ಎರಡು ಇಸವಿಗಳಲ್ಲಿ ಹರಡಿದೆ. ಯಾವ ನಾಕೆ, ಜೊತೆಗೆ ಯಾರಿದ್ದರು, ಆಗ ಹೊಲದಲ್ಲಿ ಬಿಳಿಜೋಳವಿತ್ತೋ ಬಿತ್ತನೆ ನಡೆದಿತ್ತೋ ಎಂದು ಕೇಳಿ. ಬೆಳೆಯಿಂದ ತಿಂಗಳು ಸಿಗುತ್ತದೆ. 1938–39ರಲ್ಲಿ ಜೈಲಿಗೆ ಹೋದವರ ಹೆಸರು ಬಂದರೆ ಆರ್ಯ ಸಮಾಜದ ಸತ್ಯಾಗ್ರಹವೋ ಸ್ಟೇಟ್ ಕಾಂಗ್ರೆಸ್ಸಿನದೋ ಎಂದು ನೋಡಿ. ಕಾಂಗ್ರೆಸ್ 1938ರ ಡಿಸೆಂಬರ್‌ನಲ್ಲೇ ನಿಲ್ಲಿಸಿತ್ತು, ಆರ್ಯ ಸಮಾಜದ್ದು 1939ರ ಆಗಸ್ಟ್‌ವರೆಗೆ ನಡೆಯಿತು.

ಪ್ರಶ್ನೆ: ಬಳ್ಳಾರಿಯೂ ನಿಜಾಮರ ಆಳ್ವಿಕೆಯಲ್ಲಿತ್ತೇ?
— ಸಂಡೂರಿನ ಓದುಗರು

ಉತ್ತರ: ವಿಮೋಚನಾ ಹೋರಾಟದ ಕಾಲದಲ್ಲಿ ಇರಲಿಲ್ಲ. ಆಗ ನಿಜಾಮರ ಕೈಯಲ್ಲಿದ್ದ ಕನ್ನಡ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ಬೀದರ್. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಈಗ ಸಂವಿಧಾನದ 371(ಜೆ) ವಿಧಿಯಡಿ ಹೈದರಾಬಾದ್ ಕರ್ನಾಟಕಕ್ಕಿರುವ ವಿಶೇಷ ಸವಲತ್ತಿಗೆ ಸೇರಿರುವುದರಿಂದ ಗೊಂದಲವಾಗುತ್ತದೆ. ನಿಮ್ಮ ಸಂಡೂರು ಅಂದು ಘೋರ್ಪಡೆ ಮನೆತನದ ಸ್ವಂತ ಸಂಸ್ಥಾನ.

ಪ್ರಶ್ನೆ: ಸ್ವಾಮಿ ರಮಾನಂದ ತೀರ್ಥರು ಕರ್ನಾಟಕದವರೇ?
— ಕಲಬುರಗಿಯ ಓದುಗರು

ಉತ್ತರ: 1903ರಲ್ಲಿ ಹುಟ್ಟಿದ್ದು ಈಗಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ್. ಮರಾಠವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದರು, ಸನ್ಯಾಸ ತೆಗೆದುಕೊಂಡರು. ಹೈದರಾಬಾದ್ ಸಂಸ್ಥಾನದ ತೆಲುಗು, ಮರಾಠಿ, ಕನ್ನಡ ಜನರನ್ನೆಲ್ಲ ಒಂದೇ ಹೋರಾಟಕ್ಕೆ ತಂದ ಅವರೇ ಆಮೇಲೆ ಸಂಸ್ಥಾನವನ್ನು ಭಾಷೆಯ ಪ್ರಕಾರ ಒಡೆಯಬೇಕೆಂದು ಪಟ್ಟುಹಿಡಿದರು. ಅವರ ಬದುಕಿನಲ್ಲಿ ಹೆಚ್ಚು ಗೌರವ ಹುಟ್ಟಿಸುವ ಸಂಗತಿ ಇದೇ. ಲೋಕಸಭೆಗೆ 1952ರಲ್ಲಿ ಗುಲಬರ್ಗಾದಿಂದ, 1957ರಲ್ಲಿ ಔರಂಗಾಬಾದಿನಿಂದ ಗೆದ್ದರು. ಎರಡೂ ಬಾರಿ ಗುಲಬರ್ಗಾ ಎಂದು ಬರೆದರೆ ತಪ್ಪಾಗುತ್ತದೆ.