ಬೆಳಗಿನ ಪರೀಕ್ಷೆ, ಮಧ್ಯಾಹ್ನದ ದಣಿವು

ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆ ಹಾನಿಗೊಳ್ಳುವ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಪತ್ತೆಯಾಗಿ 6 ವರ್ಷ ಕಳೆದಿದ್ದ, ಲೆಕ್ಕಪತ್ರ ಪರಿಶೀಲನೆಯ ಕೆಲಸದಲ್ಲಿದ್ದ ಮಹಿಳೆಯೊಬ್ಬರು ನನ್ನ ಬಳಿ ಬಂದದ್ದು ಕಾಯಿಲೆಯ ಬಗ್ಗೆ ಕೇಳುವುದಕ್ಕಲ್ಲ, ತಾವು ಸೋಮಾರಿಯೇ ಎಂದು ಕೇಳುವುದಕ್ಕೆ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಮಧ್ಯಾಹ್ನವಾಗುತ್ತಿದ್ದಂತೆ ಅಂಕಿಗಳು ಕಣ್ಣಿಗೆ ಕಂಡರೂ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಸಂಕೇತಗಳಿಗೆ ಅಂಕಿ ಹೊಂದಿಸುವ ಪರೀಕ್ಷೆಯಲ್ಲಿ ಅವರ ಫಲಿತಾಂಶ ವಯಸ್ಸಿಗೆ ತಕ್ಕಂತೆಯೇ ಇತ್ತು. ವರದಿ ನೋಡಿದ ಮನೆಯವರು ‘ಎಲ್ಲ ಸರಿಯಿದೆಯಲ್ಲ’ ಎಂದುಬಿಟ್ಟಿದ್ದರು.

ವರದಿಯಲ್ಲಿ ತಪ್ಪಿರಲಿಲ್ಲ. ಆ ಪರೀಕ್ಷೆ 90 ಸೆಕೆಂಡುಗಳದ್ದು, ಅದೂ ಬೆಳಿಗ್ಗೆ ನಡೆದದ್ದು. ಅದು ಅಳೆಯುವುದು ಮಿದುಳಿನ ಗ್ರಹಿಕೆಯ ವೇಗವನ್ನೇ ಹೊರತು, ಆ ವೇಗ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನಲ್ಲ.

ಮೊದಲು ಅವರಿಂದ ದಣಿವಿನ ಪ್ರಭಾವದ 21 ಪ್ರಶ್ನೆಗಳ ಪ್ರಶ್ನಾವಳಿಯನ್ನು ತುಂಬಿಸಿದೆ. ಹಿಂದಿನ 4 ವಾರಗಳ ಅನುಭವವನ್ನು ಕೇಳುವ ಇದರಲ್ಲಿ 10 ಪ್ರಶ್ನೆಗಳು ಗಮನ, ನೆನಪು, ಯೋಚನೆಗೆ ಸಂಬಂಧಿಸಿದವು. ಆ ಭಾಗದ ಗರಿಷ್ಠ 40ರಲ್ಲಿ ಅವರದು 29 ಬಂತು. ಆದರೆ ಇಂಥ ಪ್ರಶ್ನಾವಳಿ ದಾಖಲಿಸುವುದು ವ್ಯಕ್ತಿಗೆ ಅನ್ನಿಸಿದ್ದನ್ನು. ಖಿನ್ನತೆ, ನಿದ್ರಾಭಂಗ, ಮಂಪರು ತರಿಸುವ ಮಾತ್ರೆಗಳು ಕೂಡ ಅದೇ ಅಂಕವನ್ನು ಏರಿಸಬಲ್ಲವು. ವಿಚಾರಿಸಿದಾಗ, ಮೂತ್ರಕ್ಕಾಗಿ ರಾತ್ರಿ ಮೂರು ಬಾರಿ ಏಳುವುದನ್ನು ಅವರು ಯಾವ ವೈದ್ಯರಿಗೂ ಹೇಳಿರಲಿಲ್ಲವೆಂದು ತಿಳಿಯಿತು.

ಬಳಿಕ ನರಮನೋವಿಜ್ಞಾನಿಯೊಬ್ಬರ ಬಳಿಗೆ ಕಳುಹಿಸಿದೆ. 3 ಸೆಕೆಂಡಿಗೊಂದರಂತೆ ಕೇಳಿಸುವ ಅಂಕಿಯನ್ನು ಅದರ ಹಿಂದಿನದಕ್ಕೆ ಕೂಡಿಸಿ ಹೇಳುವ, 60 ಉತ್ತರಗಳ ಪರೀಕ್ಷೆಯನ್ನು ಅವರು ನಡೆಸಿದರು. (ಅಂಕಿಗಳೊಂದಿಗೇ ಬದುಕುವ ಈಕೆಯೂ ಅದನ್ನು ಶಪಿಸಿದರು, ಅದನ್ನು ಮೆಚ್ಚಿದವರನ್ನು ನಾನಂತೂ ಕಂಡಿಲ್ಲ.) ಒಟ್ಟು ಅಂಕ ಸಾಧಾರಣವಾಗಿತ್ತು, ಆದರೆ ಮೊದಲ 20 ಉತ್ತರಗಳ ಪಕ್ಕದಲ್ಲಿ ಕೊನೆಯ 20ನ್ನು ಇಟ್ಟಾಗ ಕುಸಿತ ಕಣ್ಣಿಗೆ ಬಿತ್ತು. ಹೀಗೆ ಕಾಣದಿದ್ದರೂ ಅವರ ದಣಿವು ಸುಳ್ಳಾಗುತ್ತಿರಲಿಲ್ಲ: ಅನುಭವದ ದಣಿವಿಗೂ ಪರೀಕ್ಷೆಯ ಕುಸಿತಕ್ಕೂ ಅನೇಕ ಬಾರಿ ತಾಳೆಯಾಗುವುದಿಲ್ಲ, ಏಕೆಂದರೆ ಹೆಚ್ಚು ಶ್ರಮ ಹಾಕಿ ಅಂಕವನ್ನು ಉಳಿಸಿಕೊಳ್ಳುವವರೂ ಇದ್ದಾರೆ.

ನಾನು ಕೊಟ್ಟ ಸಲಹೆ ಇಷ್ಟು. ಎರಡು ವಾರ, ಕೆಲಸಕ್ಕೆ ಕೂರುವ ಮೊದಲು ಮತ್ತು ಎದ್ದ ಮೇಲೆ, ದಣಿವಿಗೆ 0ರಿಂದ 10ರೊಳಗೆ ಅಂಕ ಕೊಟ್ಟು, ಹಿಂದಿನ ರಾತ್ರಿಯ ನಿದ್ರೆಯನ್ನೂ ಆ ದಿನದ ಸೆಕೆಯನ್ನೂ ಜೊತೆಗೆ ಬರೆದಿಡಬೇಕು. ದೇಹದ ಉಷ್ಣ ಏರಿದಾಗ ಈ ಕಾಯಿಲೆಯ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುವುದುಂಟು. ಮೂತ್ರದ ತೊಂದರೆಯನ್ನು ನರರೋಗ ತಜ್ಞರಿಗೆ ತಿಳಿಸಬೇಕು. ದಣಿವಿನೊಂದಿಗೆ ಹೊಸ ಲಕ್ಷಣವೇನಾದರೂ ಕಂಡರೆ ದಿನಚರಿ ತುಂಬುತ್ತ ಕಾಯದೆ ಅವರನ್ನೇ ಕಾಣಬೇಕು. ಮನೆಯವರೊಂದಿಗೆ ವಾದಿಸುವ ಬದಲು ಆ ಹಾಳೆಗಳನ್ನು ಅವರ ಮುಂದಿಡಬೇಕು.

ಹಾಳೆಗಳು ಬಂದಾಗ, 40 ನಿಮಿಷ ದಾಟಿ ಕೆಲಸಕ್ಕೆ ಕೂತಾಗಲೆಲ್ಲ 2 ಅಥವಾ 3 ಇದ್ದ ಅಂಕ 7ಕ್ಕೆ ಜಿಗಿದಿತ್ತು. ಈಗ ಅವರು 35ನೆಯ ನಿಮಿಷಕ್ಕೇ ಏಳುತ್ತಾರೆ, ತಾಳೆ ನೋಡುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸುತ್ತಾರೆ. ಮೂತ್ರದ ತೊಂದರೆಗೆ ಚಿಕಿತ್ಸೆ ಶುರುವಾಗಿದೆ. ನಿದ್ರೆ ಸುಧಾರಿಸಿದ ಮೇಲೆ ಅದೇ ಪ್ರಶ್ನಾವಳಿಯನ್ನು ಮತ್ತೆ ತುಂಬಿಸಿ, 29ರಲ್ಲಿ ನಿದ್ರೆಯ ಪಾಲೆಷ್ಟಿತ್ತೆಂದು ನೋಡಲಿದ್ದೇವೆ.