ಸಿಸೇರಿಯನ್ ವೇಳೆ ಬಿಪಿ ಪಟ್ಟಿ ನಿಮಿಷಕ್ಕೊಂದು ಸಲ ಯಾಕೆ ಬಿಗಿಯುತ್ತದೆ?

ಮೊದಲ ಸಿಸೇರಿಯನ್‌ನಲ್ಲಿ ಪಟ್ಟಿ ಬಿಗಿದು ಬಿಗಿದು ತೋಳು ನೋವು ಬಂತು, ಮಾನಿಟರ್ ಕೂಗಿದಾಗಲೆಲ್ಲ ಎದೆ ಧಸಕ್ಕೆಂದಿತು ಅಂತ ಬರೆದಿದ್ದೀರಿ. ಅಷ್ಟು ಸಲ ನೋಡಲೇಬೇಕಾ, ಈ ಸಲ ಬೆರಳಿಗೆ ಹಾಕುವ ಬಿಪಿ ಮಷೀನ್ ಕೇಳಬಹುದಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಅನಸ್ತೇಶಿಯಾ ಡಾಕ್ಟರ್, ಆ ಪಟ್ಟಿ ಕಟ್ಟಿಸುವವರೇ ನಾವು.

ನೋಡಲೇಬೇಕು. ಬೆನ್ನಿಗೆ ಕೊಡುವ ಇಂಜೆಕ್ಷನ್ ನೋವಿನ ನರಗಳ ಜೊತೆಗೆ, ರಕ್ತನಾಳಗಳನ್ನು ಬಿಗಿಯಾಗಿ ಇಟ್ಟಿರುವ ನರಗಳನ್ನೂ ಸುಮ್ಮನಾಗಿಸುತ್ತದೆ. ನಾಳಗಳು ಸಡಿಲಾಗಿ ಬಿಪಿ ಇಳಿಯುತ್ತದೆ. ಅದರ ಮೇಲೆ, ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಹೃದಯಕ್ಕೆ ರಕ್ತ ವಾಪಸ್ ತರುವ ದೊಡ್ಡ ನಾಳವನ್ನು ಒತ್ತುತ್ತದೆ. ಟೇಬಲ್ಲನ್ನು ಎಡಕ್ಕೆ ವಾಲಿಸಿದ್ದು, ಇಲ್ಲವೇ ಬಲ ಸೊಂಟದ ಕೆಳಗೆ ಏನೋ ಒತ್ತು ಕೊಟ್ಟಿದ್ದು ನೆನಪಿರಬಹುದು, ಅದು ಇದಕ್ಕೇ.

ಈ ಇಳಿತ ಕೆಲವೇ ನಿಮಿಷಗಳಲ್ಲಿ ಆಗಿಬಿಡುತ್ತದೆ. ಮಗುವಿಗೆ ರಕ್ತ ಹೋಗುವುದು ನಿಮ್ಮ ಬಿಪಿಯನ್ನೇ ನಂಬಿಕೊಂಡು. ಹಾಗಾಗಿ ಮಗು ಹೊರಬರುವ ತನಕ ಒಂದೆರಡು ನಿಮಿಷಕ್ಕೊಮ್ಮೆ ನೋಡುತ್ತೇವೆ. 2018ರಲ್ಲಿ ಹಲವು ದೇಶಗಳ ತಜ್ಞರು ಒಟ್ಟಾಗಿ ಕೊಟ್ಟ ಸಲಹೆ ಇದೆ: ಮೇಲಿನ ಬಿಪಿ ಮೊದಲಿದ್ದುದರ 90%ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ, 80%ಕ್ಕಿಂತ ಇಳಿಯಲು ಬಿಡಬೇಡಿ. ನೀವು 120 ಇಟ್ಟುಕೊಂಡು ಬಂದರೆ ನಾವು 108ರ ಮೇಲೆ ಇಡಲು ನೋಡುತ್ತೇವೆ, 96 ಅಂದರೆ ಓಡಾಡುತ್ತೇವೆ.

ಇನ್ನು ಆ ನೋವಿನ ಬಿಗಿತ. ಮಷೀನ್ ಪಟ್ಟಿಗೆ ಗಾಳಿ ತುಂಬಿ ರಕ್ತ ನಿಲ್ಲಿಸುತ್ತದೆ, ಆಮೇಲೆ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ನಾಡಿ ಬಡಿತಕ್ಕೆ ಪಟ್ಟಿಯೊಳಗಿನ ಗಾಳಿ ಎಷ್ಟು ಅಲುಗುತ್ತದೆ ಅಂತ ಅಳೆಯುತ್ತದೆ. ಅಲುಗಾಟ ಎಲ್ಲಿ ಎಲ್ಲಕ್ಕಿಂತ ಜಾಸ್ತಿಯೋ ಅದು ಸರಾಸರಿ ಬಿಪಿ. ಮೇಲಿನದು, ಕೆಳಗಿನದು ಎರಡೂ ಅದರ ಲೆಕ್ಕಾಚಾರ. ಅಷ್ಟರಲ್ಲಿ ನೀವು ನಡುಗಿದರೆ, ತೋಳು ಮಡಚಿದರೆ ಲೆಕ್ಕ ತಪ್ಪುತ್ತದೆ. ಪಾಪ ಮಷೀನ್, ಮತ್ತೆ ಗಾಳಿ ತುಂಬುತ್ತದೆ, ಇನ್ನೂ ಬಿಗಿಯಾಗಿ. ಇಂಜೆಕ್ಷನ್ ಆದಮೇಲೆ ನಡುಕ ಬರುವುದು ಮಾಮೂಲು, ಅದು ನಿಮ್ಮ ಕೈಯಲ್ಲಿಲ್ಲ. ಆದರೂ ಪಟ್ಟಿ ಉಬ್ಬುವಾಗ ಆ ತೋಳನ್ನು ಸಡಿಲ ಬಿಟ್ಟು ನೋಡಿ.

ಕೂಗಾಟಕ್ಕೆ ಎಷ್ಟೋ ಸಲ ಕಾರಣ ಸಣ್ಣದು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಬೆರಳಿನ ಕ್ಲಿಪ್ಪನ್ನು ಪಟ್ಟಿ ಕಟ್ಟಿದ ಕೈಗೇ ಹಾಕಿದ್ದರೆ ಪಟ್ಟಿ ಉಬ್ಬಿದಾಗ ಅದಕ್ಕೆ ನಾಡಿ ಸಿಗದೆ ಕೂಗುತ್ತದೆ. ರಕ್ತ ನಿಲ್ಲಿಸಲು ಕಾಟರಿ (ಕರೆಂಟಿನಿಂದ ಸುಡುವ ಉಪಕರಣ) ಬಳಸಿದಾಗ ಇಸಿಜಿ ಗೆರೆ ಹುಚ್ಚೆದ್ದು ಕುಣಿಯುತ್ತದೆ. ಮಗು ಬಂದ ಮೇಲೆ ಗರ್ಭಕೋಶ ಗಟ್ಟಿಯಾಗಲಿ ಅಂತ ಆಕ್ಸಿಟೋಸಿನ್ ಕೊಟ್ಟಾಗ ಎದೆಬಡಿತ ಕೊಂಚ ಹೊತ್ತು ಜೋರಾಗಬಹುದು, ಬಿಪಿಯೂ ಇಳಿಯಬಹುದು. ಅದಕ್ಕೇ ಅದನ್ನು ನಿಧಾನವಾಗಿ ಕೊಡುತ್ತೇವೆ.

ಬೆರಳಿನ ಮಷೀನ್ ಹೊಸದೇನಲ್ಲ. ಅದರ ಹಿಂದಿನ ಉಪಾಯವನ್ನು ಚೆಕೊಸ್ಲೊವಾಕಿಯಾದ ಯಾನ್ ಪೆನ್ಯಾಜ್ 1973ರಲ್ಲೇ ತೋರಿಸಿದ್ದರು. ಬೆರಳಿಗೆ ಬೆಳಕು ಹಾಯಿಸಿ, ನಾಳ ಉಬ್ಬದಂತೆ ಪುಟ್ಟ ಪಟ್ಟಿಯ ಒತ್ತಡವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಹಾಗಾಗಿ ಪ್ರತಿ ಬಡಿತದ ಬಿಪಿಯೂ ಸಿಗುತ್ತದೆ. ಆದರೆ ಬೆಲೆ ಜಾಸ್ತಿ, ಬೆರಳು ತಣ್ಣಗಾದರೆ ಎಡವಟ್ಟು. ಓಟಿಯ ಏಸಿಯಲ್ಲಿ ಬೆರಳು ಬೆಚ್ಚಗಿರುತ್ತಾ ಹೇಳಿ! ಆರೋಗ್ಯವಾಗಿರುವ ತಾಯಿ ಇದಕ್ಕಾಗಿ ಆಸ್ಪತ್ರೆ ಹುಡುಕಿ ಅಲೆಯುವುದು ಬೇಡ ಅಂತ ನನ್ನ ಅಭಿಪ್ರಾಯ. ಹೃದಯದ ಕಾಯಿಲೆ ಇದ್ದರೆ ಅಥವಾ ಬಸಿರಿನಲ್ಲಿ ಬಿಪಿ ತೀರಾ ಏರಿದ್ದರೆ ಮಾತು ಬೇರೆ. ಆಗ ಮಣಿಕಟ್ಟಿನ ರಕ್ತನಾಳಕ್ಕೇ ಸಣ್ಣ ನಳಿಗೆ ಹಾಕಿ ನೋಡಬೇಕಾಗಬಹುದು.

ಪಟ್ಟಿ ಎಷ್ಟೇ ಬೇಗ ನೋಡಿದರೂ ಎರಡು ಅಳತೆಗಳ ನಡುವೆ ಅದು ಕುರುಡು. ಆ ಹೊತ್ತಲ್ಲಿ ನೀವೇ ಒಳ್ಳೆಯ ಮಾನಿಟರ್. ಇದ್ದಕ್ಕಿದ್ದಂತೆ ಹೊಟ್ಟೆ ತೊಳಸಿದರೆ, ತಲೆ ಹಗುರಾದರೆ, ಕಣ್ಣು ಮಂಜಾದರೆ ತಲೆ ಹತ್ತಿರ ನಿಂತವರಿಗೆ ಕೂಡಲೇ ಹೇಳಿ. ಬಿಪಿ ಇಳಿಯುತ್ತಿರುವ ಸೂಚನೆ ಪರದೆಗಿಂತ ಮೊದಲು ಅಲ್ಲೇ ಸಿಗುವುದುಂಟು. ಡ್ರಿಪ್ಪಿನಲ್ಲಿ ಬಿಪಿ ಏರಿಸುವ ಫಿನೈಲೆಫ್ರಿನ್ ಅಥವಾ ಮೆಫೆಂಟರ್ಮಿನ್ ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ.

ಹೋಗುವ ಮೊದಲು ಉಗುರಿನ ಬಣ್ಣ ತೆಗೆಸಿ, ಸೀಮಂತದ ಬಳೆಗಳನ್ನು ಬಿಚ್ಚಿಡಿ. ಹೋದ ಸಲ ಚರ್ಮ ಕೆಂಪಾಗಿದ್ದರೆ ಪಟ್ಟಿಯ ಕೆಳಗೆ ತೆಳ್ಳಗೆ ಹತ್ತಿ ಸುತ್ತಲು ಕೇಳಿ, ಯಾರೂ ಬೇಡ ಅನ್ನುವುದಿಲ್ಲ.