ಡಿಸ್ಕ್ ಖಾಲಿ ಇದೆ, ಲ್ಯಾಪ್‌ಟಾಪ್ ಮಾತ್ರ ಯಾಕೆ ನಿಧಾನ?

ಪ್ರಶ್ನೆ: ಸರ್, ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಕೂಲಿ ಲೆಕ್ಕ ಬರೆಯೋಕೆ ಹಳೇ ಲ್ಯಾಪ್‌ಟಾಪ್ ಇದೆ. 1 ಟಿಬಿ ಹಾರ್ಡ್ ಡಿಸ್ಕ್, ಮುಕ್ಕಾಲು ಭಾಗ ಖಾಲಿ. ಆದರೂ ತುಂಬಾ ನಿಧಾನ. ಅಂಗಡಿಯವರು 'ಮೆಮೊರಿ ಸಾಲದು, 4 ಜಿಬಿ ಅಷ್ಟೇ' ಅಂತಾರೆ. ಇಷ್ಟು ಜಾಗ ಇದ್ದೂ ಸಾಲದು ಅಂದರೆ ಹೇಗೆ? ಬ್ಯಾಟರಿಯೂ ಹಾಳಾಗಿದೆ. ಕರೆಂಟ್ ಹೋದರೆ ಬರೆದದ್ದೂ ಹೋಗುತ್ತೆ.

ಉತ್ತರ: ಅಂಗಡಿಯವರು ಹೇಳಿದ್ದು ಸರಿಯೇ. ರ‍್ಯಾಮ್, ಹಾರ್ಡ್ ಡಿಸ್ಕ್ ಎರಡನ್ನೂ ಜನ ಮೆಮೊರಿ ಅಂತಾರೆ, ಎರಡನ್ನೂ ಜಿಬಿಯಲ್ಲೇ ಅಳೆಯುತ್ತಾರೆ (1 ಟಿಬಿ ಅಂದರೆ ಸುಮಾರು 1000 ಜಿಬಿ). ಗೊಂದಲ ಆಗದೆ ಇರುತ್ತಾ?

ನಿಮ್ಮ ತೋಟದಲ್ಲೇ ನೋಡಿ. ಹಾರ್ಡ್ ಡಿಸ್ಕ್ ಗೋದಾಮು, ರ‍್ಯಾಮ್ ಕಣ. ಗೋದಾಮು ಎಷ್ಟೇ ದೊಡ್ಡದಿರಲಿ, ಒಂದು ಸಲಕ್ಕೆ ಹರಡಿ ಒಣಗಿಸುವುದು ಕಣ ಹಿಡಿಸುವಷ್ಟೇ ಅಲ್ವಾ? ನೀವು ಎಕ್ಸೆಲ್ ತೆರೆದ ಕೂಡಲೇ ಅದು ಡಿಸ್ಕಿನಿಂದ ರ‍್ಯಾಮಿಗೆ ಬರುತ್ತದೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಕೆಲಸ ಮಾಡುವುದು ಅಲ್ಲಿ ಹರಡಿದ್ದರ ಮೇಲೆ. ವಿಂಡೋಸ್ 11ಕ್ಕೆ ಕನಿಷ್ಠವೇ 4 ಜಿಬಿ. ಜೊತೆಗೆ ಬ್ರೌಸರ್ ತೆರೆದರೆ ಕಣ ತುಂಬಿತು. ಆಗ ಕಂಪ್ಯೂಟರ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತದೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗಬೇಕು, ಹೆಡ್ ಸರಿಯಾದ ಜಾಗಕ್ಕೆ ಸರಿಯಬೇಕು. ನೀವು ಕಾಯುತ್ತಾ ಕೂರುವುದು ಈ ಓಡಾಟ ಮುಗಿಯಲಿ ಅಂತ.

ಕರೆಂಟ್ ಹೋದರೆ ರ‍್ಯಾಮಿನಲ್ಲಿದ್ದದ್ದು ಅಳಿಸಿಹೋಗುತ್ತದೆ. ಕಣದಲ್ಲಿ ಹರಡಿದ ಕಾಫಿಗೆ ಮಳೆ ಹೊಡೆದ ಹಾಗೆ. ಸೇವ್ ಮಾಡಿದ್ದು ಮಾತ್ರ ಗೋದಾಮು ಸೇರಿರುತ್ತದೆ. ಕೊಡಗಿನ ಮಳೆಗಾಲ ನಿಮಗೆ ಗೊತ್ತೇ ಇದೆ, ಗಾಳಿಗೆ ಒಂದು ಮರ ಬಿದ್ದರೆ ಸಾಕು. ನಾಲ್ಕು ಸಾಲು ಬರೆದ ಕೂಡಲೇ ಕಂಟ್ರೋಲ್ ಜೊತೆ ಎಸ್ ಒತ್ತಿ. ಅದು ಜನ ಬೆವರು ಸುರಿಸಿ ದುಡಿದ ಲೆಕ್ಕ, ದಯವಿಟ್ಟು ಈ ಅಭ್ಯಾಸ ಮಾಡಿಕೊಳ್ಳಿ. ಬ್ಯಾಟರಿಯನ್ನೂ ಬದಲಿಸಿ.

ದುಡ್ಡು ಒಂದಕ್ಕೇ ಇದ್ದರೆ ನಾನು ಮೊದಲು ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ ಅಂತೀನಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಕಣ ತುಂಬಿದರೂ ಸಾಗಾಟ ಬೇಗ ಆಗುತ್ತದೆ. ಎರಡಕ್ಕೂ ಆದರೆ ರ‍್ಯಾಮ್ 8 ಜಿಬಿ ಮಾಡಿಸಿ. ಅದಕ್ಕೂ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. ಎಷ್ಟು ತುಂಬಿದೆ ಅಂತ ಅಲ್ಲೇ ಕಾಣುತ್ತದೆ.

ರ‍್ಯಾಮ್ ಅಂದರೆ ಎರಡು ಬೆರಳಗಲದ ಒಂದು ಪಟ್ಟಿ. ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು, ನಡುವೆ ಒಂದು ಕಚ್ಚು. ಅದರ ಬೇರೆ ಬೇರೆ ತಲೆಮಾರುಗಳಾದ ಡಿಡಿಆರ್3ಕ್ಕೂ ಡಿಡಿಆರ್4ಕ್ಕೂ ಆ ಕಚ್ಚಿನ ಜಾಗ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅದನ್ನು ಬದಲಿಸಲು ಬರುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ನಿಮ್ಮೆದುರೇ ಬಿಚ್ಚಿಸಿ ನೋಡಿ, ಆಮೇಲೆ ದುಡ್ಡು ಕೊಡಿ.